ನಮ್ಮ ಮಕ್ಕಳಿಗೆ ಇಂಗ್ಲಿಷು ಹೇಗೆ ಬಂದೀತು?

(ಕಾರ್ಮಿಕರ ವಾಚನಾಲಯದಲ್ಲಿ ತಂದೆತಾಯಿಗಳ ಸಭೆಯ ಮುಂದೆ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ನಡೆಯುವ ಈ ಜಾಗದಲ್ಲಿ ಇಂದು ಇಂಗ್ಲಿಷು ಕಲಿಸುವ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಯೋಚಿಸಿ ನೋಡಿ. ಗಿರಣಿ ಕೆಲಸಗಾರನ ಸಂಬಳದಲ್ಲಿ, ಚಿಕ್ಕ ಅಂಗಡಿಯವನ ಗಳಿಕೆಯಲ್ಲಿ, ಮನೆಯ ರೇಷನ್ನು, ಬಾಡಿಗೆ ಕಳೆದು ಉಳಿದದ್ದು ಎಲ್ಲಿಗೆ ಹೋಗುತ್ತಿದೆ? ಮಕ್ಕಳ ಶಾಲೆಯ ಫೀಜಿಗೆ. ಆ ಶಾಲೆಯೇ ಏಕೆ? ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಇಂಗ್ಲಿಷ್ ಮೀಡಿಯಂ’ ಎಂದು ಬರೆದಿದೆ, ಅದಕ್ಕೆ. ಕಿವಿಯ ಓಲೆ ಅಡವಿಟ್ಟು ಫೀಜು ಕಟ್ಟಿದ ತಾಯಂದಿರು ಈ ಊರಲ್ಲಿ ಒಬ್ಬಿಬ್ಬರಲ್ಲ.

ಹತ್ತಿ ಕೊಳ್ಳುವ ವ್ಯಾಪಾರಿ ಅಂಡಿಗೆಯ ಒಳಗೆ ಕೈ ಹಾಕಿ ಎಳೆ ನೋಡುತ್ತಾನೆ. ಅಕ್ಕಿ ಕೊಳ್ಳುವ ತಾಯಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಾಳೆ. ಆದರೆ ಬದುಕಿನ ಉಳಿತಾಯವನ್ನೆಲ್ಲ ಸುರಿದು ಕೊಳ್ಳುವ ಈ ಇಂಗ್ಲಿಷನ್ನು ಮಾತ್ರ ನಾವು ಕಣ್ಣು ಮುಚ್ಚಿ ಕೊಳ್ಳುತ್ತೇವೆ. ‘ನಮಗೇ ಬಾರದ್ದನ್ನು ನಾವು ಹೇಗೆ ಪರೀಕ್ಷೆ ಮಾಡುವುದು?’ ಎಂಬ ಅಳುಕು. ಆ ಅಳುಕನ್ನು ಬಿಡಿಸುವುದೇ ನನ್ನ ಇಂದಿನ ಉದ್ದೇಶ. ಪರಭಾಷೆಯೊಂದು ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದನ್ನು ತಿಳಿದವರು ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡುಕೊಂಡ ಮುಖ್ಯ ಸಂಗತಿಗಳನ್ನು ಅಕ್ಷರ ಬಾರದ ತಂದೆಯೂ ಅರ್ಥ ಮಾಡಿಕೊಳ್ಳಬಹುದು.

ನಾವು ಇಂಗ್ಲಿಷಿನ ವೈರಿಗಳಲ್ಲ

ಸಮಾಜವಾದಿಗಳು ಇಂಗ್ಲಿಷಿನ ಶತ್ರುಗಳೆಂಬ ಅಪವಾದ ಹಳೆಯದು. ಡಾ. ರಾಮಮನೋಹರ ಲೋಹಿಯಾ ಅವರು ‘ಅಂಗ್ರೇಜಿ ಹಟಾವೋ’ ಎಂದದ್ದು ನಿಜ. ಅದು ಕಚೇರಿಯಿಂದ, ನ್ಯಾಯಾಲಯದಿಂದ, ಅಧಿಕಾರದ ಗದ್ದುಗೆಯಿಂದ ಹೋಗಲಿ ಎಂದು. ಓದುವವನ ಮೇಜಿನಿಂದ ಹೋಗಲಿ ಎಂದಲ್ಲ. ಅವರು ಬರ್ಲಿನ್ನಿಗೆ ಓದಲು ಹೋದಾಗ ಅಲ್ಲಿಯ ಪ್ರೊಫೆಸರರು ತಮಗೆ ಇಂಗ್ಲಿಷು ಬಾರದೆಂದರಂತೆ. ಮೂರು ತಿಂಗಳಲ್ಲಿ ಜರ್ಮನ್ ಕಲಿತು ಬರುತ್ತೇನೆಂದು ಹೋಗಿ, ಕಲಿತೇ ಬಂದರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಉಪ್ಪಿನ ಸತ್ಯಾಗ್ರಹದ ವಿಷಯದ ಮೇಲೆ ಅಲ್ಲಿಯೇ ಡಾಕ್ಟರೇಟು ಪಡೆದರು. ಪರಭಾಷೆ ಕಲಿಯುವುದು ಪಾಪವಲ್ಲ. ಪರಭಾಷೆ ಬಾರದವನನ್ನು ಬಾಗಿಲ ಹೊರಗೆ ನಿಲ್ಲಿಸುವುದು ಪಾಪ.

ನಮ್ಮ ದೇಶದಲ್ಲಿ ಇಂಗ್ಲಿಷು ಎಲ್ಲರಿಗಾಗಿ ಬಂದದ್ದಲ್ಲ. 1835ರಲ್ಲಿ ಮೆಕಾಲೆ ಬರೆದ ಟಿಪ್ಪಣಿಯ ಉದ್ದೇಶ ಆಳುವವರಿಗೂ ಆಳಿಸಿಕೊಳ್ಳುವ ಕೋಟ್ಯಂತರ ಜನರಿಗೂ ನಡುವೆ ದುಭಾಷಿಗಳ ಒಂದು ವರ್ಗವನ್ನು ಹುಟ್ಟಿಸುವುದು. ಕೆಲವರನ್ನು ಒಳಗೆ ಬಿಡಬೇಕು, ಉಳಿದವರನ್ನು ತಡೆಯಬೇಕು. ಆ ಕೆಲಸಕ್ಕೆ ತಕ್ಕಂತೆಯೇ ಕಲಿಸುವ ಪದ್ಧತಿಯೂ ಬೆಳೆಯಿತು. ವ್ಯಾಕರಣದ ಸೂತ್ರ ಬಾಯಿಪಾಠ, ಸ್ಪೆಲ್ಲಿಂಗು ಬಾಯಿಪಾಠ, ಪ್ರಶ್ನೋತ್ತರ ಬಾಯಿಪಾಠ. ಮನೆಯಲ್ಲಿ ಹೇಳಿಕೊಡುವವರಿದ್ದವರು ದಾಟಿದರು. ಇಲ್ಲದವರು ನಪಾಸಾಗಿ ಗಿರಣಿಯ ಗೇಟಿಗೆ ಬಂದರು. ಬ್ರಿಟಿಷರು ಹೋದರು, ಜರಡಿಯನ್ನು ಮಾತ್ರ ಇಲ್ಲೇ ಬಿಟ್ಟು ಹೋದರು.

ಎರಡನೆಯ ಭಾಷೆ ಎಂದರೇನು?

ತಾಯಿಯ ತೊಡೆಯ ಮೇಲೆ ಕಲಿತದ್ದು ಮೊದಲನೆಯ ಭಾಷೆ. ಅದರ ಮೇಲೆ ಕಲಿತು, ಸುತ್ತಮುತ್ತ ಬಳಕೆಯಲ್ಲಿ ಕೇಳಿಬರುವುದು ಎರಡನೆಯ ಭಾಷೆ. ಸುತ್ತ ಎಲ್ಲಿಯೂ ಕೇಳಿಬಾರದೆ, ಪುಸ್ತಕದಲ್ಲಿ ಮಾತ್ರ ಸಿಗುವುದು ವಿದೇಶೀ ಭಾಷೆ. ಬೆಂಗಳೂರಿನ ದೊಡ್ಡ ಅಧಿಕಾರಿಯ ಮಗುವಿಗೆ ಇಂಗ್ಲಿಷು ಎರಡನೆಯ ಭಾಷೆ. ಊಟದ ಮೇಜಿನಲ್ಲೂ ಅದೇ ಮಾತು. ನಮ್ಮ ಓಣಿಯ ಮಗುವಿಗೆ ಅದು ಹೆಚ್ಚುಕಡಿಮೆ ವಿದೇಶೀ ಭಾಷೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿಗಂತೂ ಕನ್ನಡವೇ ಎರಡನೆಯದು, ಇಂಗ್ಲಿಷು ಮೂರನೆಯದು. ಹೀಗಿರುವಲ್ಲಿ ಅಧಿಕಾರಿಯ ಮಗುವಿಗೆ ಬರೆದ ಪುಸ್ತಕವನ್ನೇ ನಮ್ಮ ಮಗುವಿನ ಕೈಗೂ ಕೊಟ್ಟು ‘ಇವನ ತಲೆಗೆ ಹತ್ತುವುದಿಲ್ಲ’ ಎಂದರೆ ತಪ್ಪು ತಲೆಯದಲ್ಲ.

ಮೊದಲನೆಯ ಸಂಗತಿ: ಅರ್ಥವಾದದ್ದನ್ನು ಕೇಳಬೇಕು

ತೊಟ್ಟಿಲ ಕೂಸು ಮೊದಲ ಮಾತಾಡುವ ಮುಂಚೆ ಸುಮಾರು ಒಂದು ವರ್ಷ ಕೇಳುತ್ತದೆ. ಆ ವರ್ಷವೆಲ್ಲ ತಾಯಿ ಚಂದ್ರನನ್ನು ತೋರಿಸಿ ಚಂದ್ರ ಎನ್ನುತ್ತಾಳೆ, ಹಾಲು ಕೊಡುತ್ತ ಹಾಲು ಎನ್ನುತ್ತಾಳೆ. ಮಾತೂ ವಸ್ತುವೂ ಜೊತೆಯಲ್ಲಿ ಬರುತ್ತವೆ. ಎರಡನೆಯ ಭಾಷೆಗೂ ಇದೇ ತಳಪಾಯವೆಂದು ಅಮೆರಿಕದ ಸ್ಟೀಫನ್ ಕ್ರಾಶೆನ್ 1980ರ ಸುಮಾರಿಗೆ ಒತ್ತಿ ಹೇಳಿದರು. ಕಲಿಯುವವನಿಗೆ ಅರ್ಥವಾಗುವ ಮಾತು ಧಾರಾಳವಾಗಿ ಸಿಗಬೇಕು. ಅದು ಅವನು ಈಗ ಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲಿರಬೇಕು. ಅವರ ಎಲ್ಲ ಮಾತನ್ನೂ ಪಂಡಿತರು ಒಪ್ಪಿಲ್ಲ. ಆದರೆ ಅರ್ಥವಾಗದ ಮಾತಿನಿಂದ ಭಾಷೆ ಬರುವುದಿಲ್ಲ ಎಂಬುದರಲ್ಲಿ ಜಗಳವಿಲ್ಲ.

ಇದು ನಿಮಗೆ ಗೊತ್ತಿರುವ ವಿಷಯವೇ. ಮಗ್ಗದ ಸದ್ದನ್ನು ಇಪ್ಪತ್ತು ವರ್ಷ ಕೇಳಿದರೂ ಯಾರಿಗೂ ಮಗ್ಗದ ಭಾಷೆ ಬಂದಿಲ್ಲ. ಅರ್ಥವಾಗದ ಪಾಠವೂ ಹಾಗೆಯೇ, ಬರೀ ಸದ್ದು. ಹೊಸ ಹುಡುಗ ಗಿರಣಿಗೆ ಸೇರಿದಾಗ ಮೊದಲ ದಿನವೇ ಅವನ ಕೈಗೆ ಯಂತ್ರ ಕೊಡುವುದಿಲ್ಲ. ಹಳಬರ ಪಕ್ಕದಲ್ಲಿ ನಿಲ್ಲುತ್ತಾನೆ, ನೋಡುತ್ತಾನೆ, ಕೇಳುತ್ತಾನೆ, ಕಡಿದ ನೂಲಿಗೆ ಗಂಟು ಹಾಕುತ್ತಾನೆ, ಆಮೇಲೆ ಯಂತ್ರ. ಭಾಷೆ ಕಲಿಸುವ ಮೇಷ್ಟ್ರಿಗೂ ಇಷ್ಟೇ ವಿವೇಕ ಬೇಕು.

ಎರಡನೆಯದು: ಕೆಲಸದ ಮೂಲಕ ಭಾಷೆ

ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗವಿದೆ. ಹೊರದೇಶದ ವಿದ್ಯಾಲಯಗಳಲ್ಲಿ ಅದನ್ನು ಬೆಂಗಳೂರಿನ ಹೆಸರಿನಿಂದಲೇ ಕರೆಯುತ್ತಾರೆ. ಬೆಂಗಳೂರಿನವರಿಗೇ ಅದು ಅಷ್ಟಾಗಿ ತಿಳಿಯದು. 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಧಾರಣ ಶಾಲೆಗಳ ಕೆಲವು ತರಗತಿಗಳಲ್ಲಿ ವ್ಯಾಕರಣದ ಪಾಠಕ್ರಮವನ್ನು ಪಕ್ಕಕ್ಕಿಟ್ಟರು. ಅದರ ಬದಲು ಮಕ್ಕಳಿಗೆ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಟ್ಟರು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಇಂಥವು. ಮೊದಲು ಅಂಥದೇ ಒಂದು ಸಮಸ್ಯೆಯನ್ನು ಉಪಾಧ್ಯಾಯರು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತ ಬಿಡಿಸುವರು. ಆಮೇಲೆ ಇನ್ನೊಂದನ್ನು ಮಗು ತಾನೇ ಬಿಡಿಸಬೇಕು. ಅಂಕ ಕೊಡುವುದು ಉತ್ತರ ಸರಿಯೇ ಎಂದು ನೋಡಿ. ವಾಕ್ಯ ಚೆಂದವೇ ಎಂದು ನೋಡಿ ಅಲ್ಲ.

ಮದರಾಸಿನ ಗಾಡಿ ಎಷ್ಟು ಗಂಟೆಗೆ ಬಿಡುತ್ತದೆ, ಯಾವ ಗಾಡಿ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದು ಎಂದು ಲೆಕ್ಕ ಹಾಕುವ ಹುಡುಗನ ಮನಸ್ಸು ಗಾಡಿಯ ಮೇಲಿರುತ್ತದೆ. ಅವನಿಗೆ ತಿಳಿಯದಂತೆಯೇ ಭಾಷೆ ಒಳಗಿಳಿಯುತ್ತದೆ. ಇದೇ ಪ್ರಭುಗಳ ನಂಬಿಕೆ. ಈ ಪ್ರಯೋಗವನ್ನು ಹೊರಗಿನವರು ಬಂದು ಪರೀಕ್ಷಿಸಿದರು. 1985ರಲ್ಲಿ ಹೊರಬಂದ ಅವರ ವರದಿ ಎಚ್ಚರಿಕೆಯ ಮಾತುಗಳೊಂದಿಗೆ ಪ್ರಯೋಗದ ಪರವಾಗಿಯೇ ಇತ್ತು. ಪ್ರಭುಗಳು 1987ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು. ವ್ಯಾಕರಣವನ್ನು ಪೂರ್ತಿ ಬಿಡಬಾರದು, ಅರ್ಥದ ಕೆಲಸದ ನಡುವೆ ಅಗತ್ಯ ಬಿದ್ದಾಗ ರೂಪದ ಕಡೆಗೂ ಬೆರಳು ತೋರಿಸಬೇಕೆಂದು ಮುಂದಿನವರು ತಿದ್ದಿದರು. ಅದೂ ಸರಿಯೇ. ಆದರೆ ನಾವು ಗಮನಿಸಬೇಕಾದದ್ದು ಬೇರೆ. ಈ ಪ್ರಯೋಗಕ್ಕೆ ಹವಾನಿಯಂತ್ರಿತ ಕೊಠಡಿ ಬೇಕಾಗಲಿಲ್ಲ. ಕರಿಹಲಗೆ, ಸೀಮೆಸುಣ್ಣ, ಒಂದು ವೇಳಾಪಟ್ಟಿ, ಯೋಚಿಸುವ ಉಪಾಧ್ಯಾಯ, ಇಷ್ಟು ಸಾಕಾಯಿತು.

ಮೂರನೆಯದು: ತಪ್ಪು ಅಪರಾಧವಲ್ಲ

ಇಂಗ್ಲಿಷು ಮನೆಮಾತಾದ ಮಕ್ಕಳೇ ಮೊದಮೊದಲು ‘ಕೇಮ್’ ಎನ್ನುವ ಬದಲು ‘ಕಮ್ಡ್’ ಎನ್ನುವುದುಂಟು. ಯಾರೂ ಹಾಗೆ ಹೇಳಿಕೊಟ್ಟಿರುವುದಿಲ್ಲ. ಅಂದರೆ ಆ ಮಗು ಗಿಳಿಪಾಠ ಒಪ್ಪಿಸುತ್ತಿಲ್ಲ, ನಿಯಮವನ್ನು ತಾನೇ ಕಟ್ಟಿಕೊಳ್ಳುತ್ತಿದೆ. 1967ರಲ್ಲಿ ಪಿಟ್ ಕಾರ್ಡರ್ ಎಂಬವರು ಎರಡನೆಯ ಭಾಷೆ ಕಲಿಯುವವರ ತಪ್ಪುಗಳನ್ನೂ ಹೀಗೆಯೇ ನೋಡಬೇಕೆಂದರು. ತಪ್ಪು ಎಂಬುದು ಕಲಿಕೆ ಎಲ್ಲಿಗೆ ಬಂದಿದೆ ಎಂದು ತೋರಿಸುವ ಮೈಲಿಗಲ್ಲು. 1972ರಲ್ಲಿ ಸೆಲಿಂಕರ್ ಎಂಬವರು, ಕಲಿಯುವವನ ತಲೆಯಲ್ಲಿ ತಾಯಿನುಡಿಯೂ ಅಲ್ಲದ, ಪರನುಡಿಯೂ ಅಲ್ಲದ ಒಂದು ನಡುವಣ ಭಾಷೆ ಇರುತ್ತದೆ, ಅದು ದಿನದಿನಕ್ಕೆ ಬದಲಾಗುತ್ತ ಹೋಗುತ್ತದೆ ಎಂದರು.

ಕನ್ನಡಿಗರ ತಪ್ಪುಗಳನ್ನೇ ನೋಡಿ. ನಾವು ‘ನಾನು ಅನ್ನ ಉಂಡೆ’ ಎಂದು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ. ಇಂಗ್ಲಿಷಿನವರು ನಡುವೆ ಇಡುತ್ತಾರೆ. ನಾವು ‘ಮನೆಯಲ್ಲಿ’ ಎಂದು ಪ್ರತ್ಯಯವನ್ನು ಹಿಂದೆ ಅಂಟಿಸುತ್ತೇವೆ; ಅವರು ‘ಇನ್ ದ ಹೌಸ್’ ಎಂದು ಮುಂದೆ ಇಡುತ್ತಾರೆ. ಅವರ ‘ಎ’, ‘ದ’ಗಳಿಗೆ ನಮ್ಮಲ್ಲಿ ಜೋಡಿಯೇ ಇಲ್ಲ, ಆದ್ದರಿಂದ ನಮ್ಮ ಮಕ್ಕಳು ಅವನ್ನು ಬಿಡುತ್ತಾರೆ. ‘ಮಾಲು ಬಂದಿಲ್ಲವೇ?’ ಎಂದು ಕೇಳಿದರೆ ಕನ್ನಡದ ವ್ಯಾಪಾರಿ ‘ಹೌದು, ಬಂದಿಲ್ಲ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅದು ‘ನೋ’ ಆಗಬೇಕು. ನಮ್ಮವನು ‘ಎಸ್’ ಎಂದರೆ ಹೊರಗಿನ ಗಿರಾಕಿ ಮಾಲು ಬಂದಿದೆ ಎಂದು ತಿಳಿದಾನು! ಇಲ್ಲಿ ದಡ್ಡತನವೇನೂ ಇಲ್ಲ. ಎರಡು ಭಾಷೆಗಳ ಕಟ್ಟಡ ಬೇರೆ ಬೇರೆ, ಅಷ್ಟೆ. ಕನ್ನಡವನ್ನು ಚೆನ್ನಾಗಿ ಬಲ್ಲ ಉಪಾಧ್ಯಾಯ ಈ ವ್ಯತ್ಯಾಸವನ್ನು ಎರಡು ನಿಮಿಷದಲ್ಲಿ ತೋರಿಸಿಯಾನು. ಕನ್ನಡ ಆಡಿದರೆ ದಂಡ ಹಾಕುವ ಶಾಲೆ ಆ ಸಾಧನವನ್ನೇ ಕೈಯಾರೆ ಬಿಸಾಡುತ್ತದೆ.

ದಂಡದಿಂದ ಇನ್ನೊಂದು ಹಾನಿಯೂ ಇದೆ. ಹೆದರಿದವನು ಬಾಯಿ ಬಿಡುವುದಿಲ್ಲ. ಆಡದೆ ಆಡುವ ಶಕ್ತಿ ಬಾರದು. ಕೇಳುವುದು ಎಷ್ಟು ಮುಖ್ಯವೋ, ತಡವರಿಸುತ್ತ ಆಡಿ ನೋಡುವುದೂ ಅಷ್ಟೇ ಮುಖ್ಯವೆಂದು ಕೆನಡಾದ ಮೆರಿಲ್ ಸ್ವೇನ್ 1985ರಲ್ಲಿ ತೋರಿಸಿಕೊಟ್ಟರು. ನಗುವ ತರಗತಿಯಲ್ಲಿ ಮಗು ಮಾತಾಡುತ್ತದೆ. ಬೆತ್ತದ ತರಗತಿಯಲ್ಲಿ ಮಗು ಒಪ್ಪಿಸುತ್ತದೆ.

ನಾಲ್ಕನೆಯದು: ಎಷ್ಟು ಮಾತು, ಯಾವ ಮಾತು?

ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಶಬ್ದಗಳಿವೆ ಎಂದು ಹೆದರಿಸುತ್ತಾರೆ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗಾಗಿ ದುಡಿದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಎಲ್ಲಕ್ಕಿಂತ ಬಳಕೆಯ ಸುಮಾರು 2000 ಶಬ್ದಗಳ ಪಟ್ಟಿಯೊಂದನ್ನು 1953ರಲ್ಲಿ ಪ್ರಕಟಿಸಿದರು. ಸಾಮಾನ್ಯ ಬರಹದ ಐದರಲ್ಲಿ ನಾಲ್ಕು ಪಾಲು ಹೆಚ್ಚುಕಡಿಮೆ ಆ ಪಟ್ಟಿಯೊಳಗೇ ಬರುತ್ತದೆ. ಬಡ ಮಗು ಶಾಲೆಯಲ್ಲಿ ಎಷ್ಟು ವರ್ಷ ನಿಂತೀತೋ ಹೇಳಬರುವುದಿಲ್ಲ. ಆದ್ದರಿಂದ ಬೇಗ ಕೈಗೆ ಬಂದು ಉಳಿಯುವ ಓದುವ ಶಕ್ತಿಯನ್ನು ಮೊದಲು ಕೊಡಬೇಕೆಂಬುದು ವೆಸ್ಟರ ವಾದ. ಅದಕ್ಕಾಗಿ ಅವರು ಸುಲಭ ಶಬ್ದಗಳಲ್ಲಿ ಹಂತಹಂತದ ಕಥೆಪುಸ್ತಕಗಳನ್ನು ಸಿದ್ಧಮಾಡಿದರು. ನಮ್ಮ ಎಷ್ಟು ಶಾಲೆಗಳಲ್ಲಿ ಅಂಥ ಇಪ್ಪತ್ತು ಪುಸ್ತಕಗಳು ಮಕ್ಕಳ ಕೈಗೆ ಸಿಗುತ್ತವೆ? ಬೀರುವಿಗೆ ಬೀಗ ಹಾಕಿರದಿದ್ದರೆ ಅದೇ ಪುಣ್ಯ.

ನಿಮ್ಮ ಬಳಿ ಒಂದು ಬಂಡವಾಳ ಈಗಾಗಲೇ ಇದೆ. ಶಿಫ್ಟು, ಬೆಲ್ಟು, ಬಾಯ್ಲರು, ಗೇಟು, ಪಾಸು, ಓವರ್‌ಟೈಮು, ಲಾಕೌಟು. ಬಿಲ್ಲು, ಸ್ಟಾಕು, ರೇಟು, ಚೆಕ್ಕು, ಡಿಸ್ಕೌಂಟು. ಒಂದೊಂದೇ ಎಣಿಸಿದರೆ ಅಕ್ಷರ ಬಾರದ ಕಾರ್ಮಿಕನ ಬಾಯಲ್ಲೂ ನೂರಾರು ಇಂಗ್ಲಿಷು ಶಬ್ದಗಳಿವೆ. ಕಡೆಯ ‘ಉ’ಕಾರವನ್ನು ಕಳಚಿದರೆ ಅವು ಇಂಗ್ಲಿಷಿಗೆ ಹತ್ತಿರ. ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗುವ ದಾರಿ ಇದು. ಇನ್ನು ಸ್ಪೆಲ್ಲಿಂಗಿನ ತೊಂದರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿಗಳು ಸುಮಾರು 44. ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಪುಟ್. ಆದ್ದರಿಂದ ಕಿವಿಗೆ ಬಾರದ ಶಬ್ದದ ಸ್ಪೆಲ್ಲಿಂಗನ್ನು ನೂರು ಸಲ ಬರೆಸುವುದು ವ್ಯರ್ಥ ದುಡಿಮೆ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು ಮತ್ತು ಕೈ.

ಮಾಧ್ಯಮವೋ, ಭಾಷೆಯೋ?

ಇನ್ನು ಎಲ್ಲರೂ ಕಾಯುತ್ತಿರುವ ಪ್ರಶ್ನೆ. ಗಣಿತ, ವಿಜ್ಞಾನ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಕಲಿಸಿದರೆ ಇಂಗ್ಲಿಷು ಬೇಗ ಬರುವುದಿಲ್ಲವೇ?

ಕೆನಡಾದ ಜಿಮ್ ಕಮಿನ್ಸ್ ಅವರು ವಲಸೆ ಬಂದವರ ಮಕ್ಕಳನ್ನು ಕುರಿತು ಶೋಧಿಸಿ ಎರಡು ಬಗೆಯ ಭಾಷಾಶಕ್ತಿಯನ್ನು ಬೇರ್ಪಡಿಸಿದರು. ಆಟದ ಬಯಲಿನ ಮಾತು ಒಂದು. ಪುಸ್ತಕದ, ತರ್ಕದ ಭಾಷೆ ಇನ್ನೊಂದು. ಮೊದಲನೆಯದು ಎರಡು ವರ್ಷಗಳಲ್ಲಿ ಬರುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷೇ ಇರುವ ದೇಶದಲ್ಲಿ! ಅವರ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ತಾಯಿನುಡಿಯಲ್ಲಿ ಗಟ್ಟಿಯಾಗಿ ಓದಲು, ಯೋಚಿಸಲು ಕಲಿತ ಶಕ್ತಿ ಎರಡನೆಯ ಭಾಷೆಗೆ ತಾನೇ ಹರಿದು ಬರುತ್ತದೆ. ಓದುವುದನ್ನು ಒಂದೇ ಸಲ ಕಲಿಯಬೇಕು; ಅರ್ಥವಾಗುವ ಭಾಷೆಯಲ್ಲಿ ಕಲಿತರೆ ಅದು ಬೇಗ ಬರುತ್ತದೆ. ಯುನೆಸ್ಕೋ ತಜ್ಞರು 1953ರಲ್ಲಿಯೇ ಹೇಳಿದ್ದೂ ಇದನ್ನೇ.

ಇದಕ್ಕೆ ಎದುರು ಉದಾಹರಣೆ ಕೊಡುವವರಿದ್ದಾರೆ. 1965ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷು ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲಿಯೇ ಪಾಠ ಆರಂಭಿಸಿದರು. ಮಕ್ಕಳು ಫ್ರೆಂಚನ್ನು ಚೆನ್ನಾಗಿ ಕಲಿತರು. ನಿಜ. ಆದರೆ ಅಲ್ಲಿ ಉಪಾಧ್ಯಾಯರಿಗೆ ಎರಡೂ ಭಾಷೆ ಗೊತ್ತಿತ್ತು. ಮಕ್ಕಳು ಮೊದಲು ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರೂ ಒಪ್ಪುತ್ತಿದ್ದರು. ಮನೆಯಲ್ಲಿ ಪುಸ್ತಕಗಳಿದ್ದವು. ಅವರ ತಾಯಿನುಡಿಗೆ ಯಾವ ಅವಮಾನವೂ ಇರಲಿಲ್ಲ; ಮುಂದಿನ ತರಗತಿಗಳಲ್ಲಿ ಅದನ್ನೂ ಕಲಿಸಿದರು. ನಮ್ಮ ಓಣಿಯ ಅಗ್ಗದ ಕಾನ್ವೆಂಟಿನಲ್ಲಿ ಇವುಗಳಲ್ಲಿ ಯಾವುದಿದೆ? ಕಲಿಸುವ ಹುಡುಗಿಗೆ ಗಿರಣಿ ಕೂಲಿಗಿಂತ ಕಡಿಮೆ ಸಂಬಳ. ಅವಳಿಗೂ ಇಂಗ್ಲಿಷು ನಿರಾತಂಕವಾಗಿ ಬಾರದು. ಅವಳ ತಪ್ಪೂ ಅದಲ್ಲ. ಅವಳು ಓದಿಸುತ್ತಾಳೆ, ಮಕ್ಕಳು ಕೂಗುತ್ತಾರೆ. ಕಡೆಗೆ ಮಗುವಿಗೆ ವಿಜ್ಞಾನವೂ ಇಲ್ಲ, ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ.

ವಿನಾಯಕ ಕೃಷ್ಣ ಗೋಕಾಕರನ್ನು ಇಲ್ಲಿ ನೆನೆಯಬೇಕು. ಇಂಗ್ಲಿಷು ಉಪಾಧ್ಯಾಯರ ತರಬೇತಿಗೆಂದು 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರ ಇಂಗ್ಲಿಷು ಸಂಸ್ಥೆಯ ನಿರ್ದೇಶಕರಾಗಿದ್ದವರು ಅವರು. ಅದೇ ಗೋಕಾಕರು 1981ರಲ್ಲಿ ತಮ್ಮ ಸಮಿತಿಯ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದರು. ಅದರ ಜಾರಿಗಾಗಿ 1982ರಲ್ಲಿ ನಾಡೇ ಎದ್ದಿತು. ಇಂಗ್ಲಿಷನ್ನು ಅವರಿಗಿಂತ ಬಲ್ಲವರು ಎಷ್ಟು ಜನ? ಕನ್ನಡ ಗಟ್ಟಿಯಾಗುವುದರಿಂದ ಇಂಗ್ಲಿಷು ಸಡಿಲವಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಇಂದು ಕಾನೂನಿನ ಬಲದಿಂದ ಕನ್ನಡ ಮಾಧ್ಯಮವನ್ನು ಹೇರುವ ದಾರಿ ಮುಚ್ಚಿದೆ. ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ಹಾಗೆ ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ತನ್ನ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳನ್ನು ತೆರೆಯಲಾರಂಭಿಸಿತು. ಹೀಗಿರುವಾಗ ಘೋಷಣೆಯಿಂದ ತಂದೆತಾಯಿಗಳು ಹಿಂದಿರುಗಲಾರರು. ಕನ್ನಡ ಶಾಲೆಯಲ್ಲಿ ಓದಿದ ಮಗು ಇಂಗ್ಲಿಷನ್ನು ನಿಜವಾಗಿ ಕಲಿತು ಹೊರಬಂದರೆ ಮಾತ್ರ ಹಿಂದಿರುಗುತ್ತಾರೆ.

ಅಂಡಿಗೆಗೆ ಕೈ ಹಾಕಿ ನೋಡಿ

ಆದ್ದರಿಂದ ಮೊದಲು ನೀವು ಮನೆಯಲ್ಲಿ ಮಾಡಬಹುದಾದ ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಇದಕ್ಕೆ ನಿಮಗೆ ಇಂಗ್ಲಿಷು ಬೇಕಿಲ್ಲ.

ಒಂದು: ಇಂದಿನ ಇಂಗ್ಲಿಷು ಪಾಠದಲ್ಲಿ ಏನಿದೆ ಎಂದು ಮಗುವಿನಿಂದ ಮನೆಮಾತಿನಲ್ಲಿ ಹೇಳಿಸಿ. ಹೇಳಲಾರದಿದ್ದರೆ ಅದು ಕಲಿತದ್ದು ಸದ್ದು ಮಾತ್ರ.

ಎರಡು: ಪಠ್ಯಪುಸ್ತಕ ಬದಿಗಿಟ್ಟು ಸೋಪಿನ ಹೊದಿಕೆ, ಔಷಧದ ಪೊಟ್ಟಣ, ಅಂಗಡಿಯ ಬೋರ್ಡು ತೋರಿಸಿ ಓದಿಸಿ. ಹೊಸದನ್ನು ಓದುವವನೇ ಓದು ಬಲ್ಲವನು.

ಮೂರು: ಇಂದು ಅಂಗಡಿಯಲ್ಲಿ, ಓಣಿಯಲ್ಲಿ ನಡೆದದ್ದನ್ನು ಇಂಗ್ಲಿಷಿನಲ್ಲಿ ತನ್ನದೇ ಮೂರು ವಾಕ್ಯಗಳಲ್ಲಿ ಹೇಳಲಿ. ತಡವರಿಸಿದರೆ ಸಂತೋಷಪಡಿ, ಕಟ್ಟುತ್ತಿದೆ. ನಿರರ್ಗಳವಾಗಿ ಪುಸ್ತಕದ ವಾಕ್ಯ ಒಪ್ಪಿಸಿದರೆ ಸಂಶಯಪಡಿ.

ಮನೆಯ ಕೆಲಸ ಇಷ್ಟು. ಉಳಿದದ್ದು ಬೀದಿಯ ಕೆಲಸ, ಸಂಘದ ಕೆಲಸ. ಸರ್ಕಾರದ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಇವು. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ತಂದಾಯಿತು. ಆದರೆ ಅದನ್ನು ಕಲಿಸಲು ಬಲ್ಲವರನ್ನು ತರಲಿಲ್ಲ. ದಕ್ಷಿಣ ಭಾರತಕ್ಕಾಗಿ ಬೆಂಗಳೂರಿನಲ್ಲಿ 1963ರಿಂದ ಇಂಗ್ಲಿಷು ಕಲಿಸುವವರ ತರಬೇತಿ ಸಂಸ್ಥೆ ಇದೆ. ನಮ್ಮ ಪ್ರತಿ ಶಾಲೆಯ ಒಬ್ಬ ಉಪಾಧ್ಯಾಯರಿಗಾದರೂ ಅಂಥ ತರಬೇತಿ ಸಿಗಬೇಕು. ಅದು ಹತ್ತು ದಿನದ ಶಿಬಿರವಾಗಿ ಮುಗಿಯಬಾರದು. ವರ್ಷವಿಡೀ ಬೆಂಬಲ ಬೇಕು. ಪ್ರತಿ ಶಾಲೆಗೆ ಸುಲಭ ಇಂಗ್ಲಿಷಿನ ಕಥೆಪುಸ್ತಕಗಳು ಬರಬೇಕು, ಬೀರುವಿನ ಬೀಗ ತೆಗೆಯಬೇಕು. ಪರೀಕ್ಷೆಯಲ್ಲಿ ಕಂಠಪಾಠದ ಉತ್ತರಕ್ಕೆ ಅಂಕ ಕಡಿಮೆಯಾಗಿ, ಕಾಣದ ಬರಹವನ್ನು ಓದಿ ತಿಳಿಯುವುದಕ್ಕೆ, ಕೇಳಿ ಮಾತಾಡುವುದಕ್ಕೆ ಅಂಕ ಬರಬೇಕು. ಮತ್ತು ಎಲ್ಲಕ್ಕಿಂತ ಮೊದಲು, ಕನ್ನಡದಲ್ಲಿ ಚೆನ್ನಾಗಿ ಓದಲು ಬಾರದ ಒಂದು ಮಗುವೂ ನಾಲ್ಕನೆಯ ತರಗತಿ ದಾಟಬಾರದು. ನಪಾಸು ಮಾಡಿ ಅಲ್ಲ, ಕಲಿಸಿ.

ಇನ್ನೊಂದು ಬೇಡಿಕೆ ಹಳೆಯದು. ಶಾಂತವೇರಿ ಗೋಪಾಲಗೌಡರು ಶಾಸನಸಭೆಯಲ್ಲಿ ನಿಂತು ಅದಕ್ಕಾಗಿ ಹೋರಾಡಿದರು. ಜನರ ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕು. ಸಂಬಳದ ಚೀಟಿ, ಬ್ಯಾಂಕಿನ ನೋಟೀಸು, ಗಿರಣಿಯ ಆಜ್ಞೆ ಕನ್ನಡದಲ್ಲಿ ಬಂದರೆ ಇಂಗ್ಲಿಷು ಬಾರದವನು ಮೋಸಹೋಗುವುದಿಲ್ಲ. ಆಗ ಇಂಗ್ಲಿಷು ಹೊಟ್ಟೆಯ ಭಯದಿಂದ ಕಲಿಯುವ ಭಾಷೆಯಾಗದೆ ಲೋಕವನ್ನು ತಿಳಿಯಲು ಕಲಿಯುವ ಭಾಷೆಯಾಗುತ್ತದೆ. ಭಯವಿಲ್ಲದೆ ಕಲಿತದ್ದೇ ನಿಲ್ಲುತ್ತದೆ ಎಂದು ಆಗಲೇ ಹೇಳಿದೆ.

ಈ ವಾಚನಾಲಯದಲ್ಲಿ ಸಂಜೆಯ ಶಿಫ್ಟು ಇಲ್ಲದ ದಿನಗಳಲ್ಲಿ ವಾರಕ್ಕೆ ಎರಡು ತಾಸು ದೊಡ್ಡವರಿಗೂ ಇಂಗ್ಲಿಷು ತರಗತಿ ನಡೆಸೋಣ ಎಂಬ ಸಲಹೆ ಬಂದಿದೆ. ಬಿಲ್ಲು, ವೇಳಾಪಟ್ಟಿ, ನೋಟೀಸುಗಳೇ ಅಲ್ಲಿ ಪಠ್ಯಪುಸ್ತಕ. ಕೈ ಎತ್ತಿ ಹೆಸರು ಕೊಡಿ. ಇಂಗ್ಲಿಷು ಯಾರ ಜಹಗೀರೂ ಅಲ್ಲ. ಅದನ್ನು ಕೊಳ್ಳುವುದು ಬೇಡ, ಕಲಿಯೋಣ.